ಲಿನಕ್ಸ್ ಗಣಕದ ಕಪ್ಪು ಪರದೆ: ದೋಷದ ಸ್ಥಾನವನ್ನು ಗುರುತಿಸುವ ಬಗೆ

ಮನೆಯ ಗಣಕದಲ್ಲಿ ಲಿನಕ್ಸ್ ಬಳಸುವವರು ಎಂದಾದರೊಮ್ಮೆ ಕಪ್ಪು ಪರದೆಯನ್ನು ಕಂಡೇ ಕಾಣುತ್ತಾರೆ. ತಂತ್ರಾಂಶವನ್ನು ನವೀಕರಿಸಿ ಯಂತ್ರವನ್ನು ಮತ್ತೆ ಚಾಲೂ ಮಾಡಿದರೆ ಲಾಗಿನ್ ಪುಟವೇ ಬರುವುದಿಲ್ಲ. ಆಗ ಎಲ್ಲ ಕಡೆಯಿಂದಲೂ ಸಿಗುವ ಸಲಹೆ ಒಂದೇ: ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿಕೊಳ್ಳಿ. ಬಹುಪಾಲು ಸಂದರ್ಭಗಳಲ್ಲಿ ಇದು ಅನಗತ್ಯ, ಕಡತಗಳ ಪ್ರತಿ ಬೇರೆಲ್ಲೂ ಇಲ್ಲದವರಿಗೆ ಅಪಾಯಕರ.

ಕಪ್ಪು ಪರದೆ ರೋಗವಲ್ಲ, ಲಕ್ಷಣ. ಕಾಲಿನ ಸ್ವಾಧೀನ ತಪ್ಪಿದ ರೋಗಿ ಬಂದಾಗ ದೋಷವು ಮಿದುಳಿನಲ್ಲಿದೆಯೋ, ಬೆನ್ನುಹುರಿಯಲ್ಲಿದೆಯೋ, ನರದಲ್ಲಿದೆಯೋ, ಸ್ನಾಯುವಿನಲ್ಲಿದೆಯೋ ಎಂಬುದನ್ನು ವೈದ್ಯರು ಮೊದಲು ನಿರ್ಧರಿಸುತ್ತೇವೆ. ಔಷಧದ ಮಾತು ಅನಂತರದ್ದು. ಲಿನಕ್ಸ್‌ನಲ್ಲಿಯೂ ಚಿತ್ರವು ಪರದೆಯನ್ನು ತಲುಪುವ ಮಾರ್ಗವೊಂದಿದೆ. ಕರ್ನಲ್ ಎಂಬ ತಿರುಳಿನೊಳಗಿನ ಡ್ರೈವರ್, ಮೆಸಾದಂತಹ ಚಿತ್ರರಚನೆಯ ತಂತ್ರಾಂಶ, ಎಕ್ಸ್ ಅಥವಾ ವೇಲ್ಯಾಂಡ್ ಪ್ರದರ್ಶನ ವ್ಯವಸ್ಥೆ, ಕಡೆಗೆ ಕೇಬಲ್ ಮತ್ತು ಮಾನಿಟರ್. ಇವುಗಳಲ್ಲಿ ಯಾವುದು ಕೆಟ್ಟರೂ ಕಾಣುವುದು ಅದೇ ಕತ್ತಲೆ.

ಮೊದಲ ಪರೀಕ್ಷೆ, ಯಂತ್ರಕ್ಕೆ ಜೀವವಿದೆಯೇ ಎಂಬುದು. ಕಂಟ್ರೋಲ್, ಆಲ್ಟ್ ಮತ್ತು ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಬರಿಯ ಅಕ್ಷರಗಳ ಲಾಗಿನ್ ಕಾಣಿಸಿದರೆ ಕರ್ನಲ್ ಸುಸ್ಥಿತಿಯಲ್ಲಿದೆ, ಕಡತಗಳೂ ಬಹುಮಟ್ಟಿಗೆ ಕ್ಷೇಮ ಎಂದು ತಿಳಿಯಬಹುದು. (ಪಾಸ್‌ವರ್ಡ್ ಬರೆಯುವಾಗ ಚುಕ್ಕೆಯೂ ಮೂಡುವುದಿಲ್ಲ, ಕೀಲಿಮಣೆ ಕೆಟ್ಟಿತೆಂದು ಭಾವಿಸಬಾರದು.) ಇಂಗ್ಲೆಂಡಿನಲ್ಲಿ ನಾನಿರುವ ಊರಿನ ಕನ್ನಡಿಗ ಹಿರಿಯರೊಬ್ಬರು ನಾಲ್ಕು ವರ್ಷ ಕುಳಿತು ಬೆರಳಚ್ಚಿಸಿದ ತಮ್ಮ ಮನೆತನದ ಚರಿತ್ರೆ ಇಂತಹ ಒಂದು ಯಂತ್ರದಲ್ಲಿತ್ತು, ಬೇರೆಡೆ ಪ್ರತಿ ಇರಲಿಲ್ಲ. ರಿಪೇರಿ ಅಂಗಡಿಯೊಂದು ಡಿಸ್ಕನ್ನು ಅಳಿಸಲು ಸಿದ್ಧವಾಗಿತ್ತು. ಎಫ್3ರ ಲಾಗಿನ್ ಬಂದದ್ದರಿಂದ ಆ ಕಡತಗಳನ್ನು ಪೆನ್ ಡ್ರೈವಿಗೆ ನಕಲಿಸಿಕೊಂಡೆವು. ಚಿಕಿತ್ಸೆ ಆರಂಭವಾದದ್ದು ಆಮೇಲೆ. ಆ ಲಾಗಿನ್ ಕೂಡ ಬಾರದಿದ್ದರೆ ಲೈವ್ ಯುಎಸ್‌ಬಿಯಿಂದ ಯಂತ್ರವನ್ನು ಎಬ್ಬಿಸಿ ಇದೇ ಕೆಲಸವನ್ನು ಮಾಡಬಹುದು.

ಎರಡನೆಯದು, ಹಳೆಯ ಕರ್ನಲ್. ಯಂತ್ರ ಏಳುವಾಗ ಬರುವ ಗ್ರಬ್ ಪಟ್ಟಿಯ ‘ಅಡ್ವಾನ್ಸ್ಡ್ ಆಪ್ಷನ್ಸ್’ ಎಂಬಲ್ಲಿ ಹಿಂದಿನ ಕರ್ನಲ್ ಸಾಮಾನ್ಯವಾಗಿ ಉಳಿದಿರುತ್ತದೆ. ಅದನ್ನು ಆರಿಸಿದಾಗ ಪರದೆ ಬೆಳಗಿದರೆ ಮಾನಿಟರ್, ಕೇಬಲ್, ಕಾರ್ಡ್ ಮೂರೂ ನಿರ್ದೋಷಿಗಳು. ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಹೆಚ್ಚು ತಿಳಿಸುವ ಪರೀಕ್ಷೆ ಇನ್ನೊಂದಿಲ್ಲ.

ಮೂರನೆಯದು, ಯಾವ ಡ್ರೈವರ್ ಕೆಲಸ ಮಾಡುತ್ತಿದೆ ಎಂಬುದು. ಎಲ್‌ಎಸ್‌ಪಿಸಿಐ ಆದೇಶಕ್ಕೆ ಹೈಫನ್ ಮತ್ತು ಕೆ ಅಕ್ಷರ ಸೇರಿಸಿ ಕೊಟ್ಟರೆ ಗ್ರಾಫಿಕ್ಸ್ ಕಾರ್ಡಿನ ಹೆಸರಿನ ಕೆಳಗೆ ಬಳಕೆಯಲ್ಲಿರುವ ಡ್ರೈವರಿನ ಹೆಸರು ಬರುತ್ತದೆ: ಇಂಟೆಲ್ಲಿಗೆ ಐ915 ಅಥವಾ ಹೊಸದಾದ ಎಕ್ಸ್‌ಇ, ಎಎಮ್‌ಡಿಗೆ ಎಎಮ್‌ಡಿಜಿಪಿಯು, ಎನ್ವಿಡಿಯಾಗೆ ನೂವೋ ಅಥವಾ ಆ ಕಂಪೆನಿಯದೇ ಡ್ರೈವರ್. ಆ ಸಾಲೇ ಇಲ್ಲದಿದ್ದರೆ ಕಾರ್ಡಿಗೆ ದಿಕ್ಕಿಲ್ಲವೆಂದು ಅರ್ಥ.

ಇಂಟೆಲ್ ಮತ್ತು ಎಎಮ್‌ಡಿ ಡ್ರೈವರುಗಳು ಕರ್ನಲಿನೊಡನೆಯೇ ಬರುವುದರಿಂದ ಇಂತಹ ತೊಡಕು ಅಲ್ಲಿ ವಿರಳ. ಎನ್ವಿಡಿಯಾದ ಕಥೆ ಬೇರೆ. ನೂವೋ ಎಂಬುದು ಕಾರ್ಡುಗಳ ನಡವಳಿಕೆಯನ್ನು ಹೊರಗಿನಿಂದ ಅಭ್ಯಸಿಸಿ ಸ್ವಯಂಸೇವಕರು ಬರೆದ ಡ್ರೈವರ್. 2010ರಲ್ಲಿ ಕರ್ನಲನ್ನು ಸೇರಿತು. ಕಂಪೆನಿಯು ತನ್ನ ಕರ್ನಲ್ ಭಾಗದ ಮೂಲಸಂಕೇತವನ್ನು ತೆರೆದದ್ದು 2022ರಲ್ಲಿ, ಅದೂ ಹೊಸ ಪೀಳಿಗೆಯ ಕಾರ್ಡುಗಳಿಗೆ ಮಾತ್ರ. ಈಗಲೂ ಕಂಪೆನಿಯ ಡ್ರೈವರ್ ಕರ್ನಲಿನ ಹೊರಗಿದೆ. ಆದ್ದರಿಂದ ಪ್ರತಿ ಹೊಸ ಕರ್ನಲಿಗೂ ಹೊಂದುವಂತೆ ಅದು ಸಿದ್ಧವಾಗಿರಬೇಕು. ಅನೇಕ ಕಡೆ ಡಿಕೆಎಮ್‌ಎಸ್ ಎಂಬ ಸಾಧನ ಅದನ್ನು ಆಯಾ ಯಂತ್ರದಲ್ಲೇ ಕಟ್ಟುತ್ತದೆ. ಕರ್ನಲಿನ ‘ಹೆಡರ್ಸ್’ ಕಡತಗಳಿಲ್ಲದಿದ್ದರೆ ಆ ಕೆಲಸ ನಿಲ್ಲುತ್ತದೆ, ಮರುದಿನ ಪರದೆ ಕಪ್ಪಾಗುತ್ತದೆ.

ಕಟ್ಟುವುದು ಯಶಸ್ವಿಯಾದರೂ ಸೆಕ್ಯೂರ್ ಬೂಟ್ ಅಡ್ಡ ಬರಬಹುದು. ಗುರುತಿನ ಸಹಿಯಿಲ್ಲದ ಡ್ರೈವರನ್ನು ಅದು ಒಳಗೆ ಬಿಡುವುದಿಲ್ಲ. ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳಿ, ಮುಂದಿನ ಸಲ ಯಂತ್ರ ಏಳುವಾಗ ನೀಲಿ ಪುಟವೊಂದನ್ನು ತೋರಿಸುತ್ತದೆ. ಅಲ್ಲಿ ‘ಎನ್‌ರೋಲ್ ಎಮ್‌ಒಕೆ’ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಆ ಪುಟ ಹತ್ತು ಸೆಕೆಂಡು ಮಾತ್ರ ಕಾಯುತ್ತದೆ. ಚಹಾ ತರಲು ಎದ್ದು ಹೋದವರಿಗೆ ಅದು ಬಂದದ್ದೇ ತಿಳಿಯುವುದಿಲ್ಲ. ಡ್ರೈವರನ್ನು ಕೈಯಾರೆ ಸೇರಿಸಲು ಹೋದಾಗ ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ ಎಂದು ಬಂದರೆ ಕಾರಣ ಇದೇ. ಮೇಲೆ ಹೇಳಿದ ಹಿರಿಯರ ಯಂತ್ರದ್ದೂ ಇದೇ ವ್ಯಾಧಿಯಾಗಿತ್ತು.

ಎಲ್ಲೆಡೆ ಶಿಫಾರಸಾಗುವ ‘ನೋಮೋಡ್‌ಸೆಟ್’ ಬಗ್ಗೆ ಎಚ್ಚರ ಬೇಕು. ಗ್ರಬ್‌ನಲ್ಲಿ ಇ ಕೀಲಿಯನ್ನೊತ್ತಿ, ಲಿನಕ್ಸ್ ಎಂದು ಆರಂಭವಾಗುವ ಸಾಲಿನ ಕೊನೆಗೆ ಅದನ್ನು ಸೇರಿಸಿದರೆ ಪರದೆ ಬರುತ್ತದೆ ನಿಜ. ಆದರೆ ಅದು ಡ್ರೈವರನ್ನು ತಡೆದು ನಿಲ್ಲಿಸುವ ಉಪಾಯ, ನೋವು ನಿವಾರಕ ಮಾತ್ರ. ಹಾಗೆಯೇ ಬಿಟ್ಟರೆ ಚಿತ್ರರಚನೆಯ ಭಾರವೆಲ್ಲ ಮುಖ್ಯ ಸಂಸ್ಕಾರಕದ ಮೇಲೆ ಬೀಳುತ್ತದೆ, ವಿಡಿಯೋ ತೆವಳುತ್ತದೆ. ವ್ಯವಸ್ಥೆಯ ವಿವರಗಳಲ್ಲಿ ‘ಎಲ್‌ಎಲ್‌ವಿಎಮ್‌ಪೈಪ್’ ಎಂಬ ಹೆಸರು ಕಂಡರೆ ಈ ಸ್ಥಿತಿಯಲ್ಲಿದ್ದೀರಿ ಎಂದು ತಿಳಿಯಿರಿ.

ಲಾಗಿನ್ ಪುಟ ಬಂದು, ಒಳಹೊಕ್ಕ ಬಳಿಕ ತೊಂದರೆಯಾದರೆ ದೋಷ ಮೇಲಿನ ಹಂತದ್ದು. ಎಕ್ಸ್ ಮತ್ತು ವೇಲ್ಯಾಂಡ್ ನಡುವೆ ಆಯ್ಕೆ ಇದ್ದರೆ ಬದಲಿಸಿ ನೋಡಬಹುದು; ಇತ್ತೀಚಿನ ಕೆಲವು ವಿತರಣೆಗಳಲ್ಲಿ ಆ ಆಯ್ಕೆಯನ್ನೇ ತೆಗೆದಿದ್ದಾರೆ.

ಇನ್ನು ಕೇಬಲ್. ಮಾನಿಟರ್ ತನ್ನ ಸಾಮರ್ಥ್ಯವನ್ನು ಇಡಿಐಡಿ ಎಂಬ ಕನಿಷ್ಠ 128 ಬೈಟುಗಳ ಪರಿಚಯಪತ್ರದ ಮೂಲಕ ಗಣಕಕ್ಕೆ ತಿಳಿಸುತ್ತದೆ. ಅಗ್ಗದ ಅಡಾಪ್ಟರ್ ಅದನ್ನು ದಾಟಿಸದಿದ್ದರೆ ದೊಡ್ಡ ಮಾನಿಟರಿನಲ್ಲೂ 1024×768ರ ಮಂಕು ಚಿತ್ರ ಬರುತ್ತದೆ. 4ಕೆ ಪರದೆಯಲ್ಲಿ ಮೌಸ್ ಬಾಣ ಎಳೆದಾಡಿದಂತಿದ್ದರೆ, ಎಚ್‌ಡಿಎಮ್‌ಐ 1.4 ದ್ವಾರವು ಸೆಕೆಂಡಿಗೆ 30 ಚಿತ್ರಗಳಿಗೆ ಸೀಮಿತವಾಗಿರುವುದೇ ಕಾರಣವಿರಬಹುದು. ಮೇಜಿನ ಗಣಕಗಳಲ್ಲಿ ಕೇಬಲನ್ನು ಕಾರ್ಡಿನ ಬದಲು ಮದರ್‌ಬೋರ್ಡಿನ ದ್ವಾರಕ್ಕೆ ಚುಚ್ಚಿರುವುದೂ ಅಪರೂಪವಲ್ಲ.

ಕನ್ನಡ ಓದುಗರಿಗೆ ಮತ್ತೊಂದು ವಿಷಯ. ಕನ್ನಡದ ಜಾಗದಲ್ಲಿ ಚೌಕಗಳು ಕಂಡರೆ ಅದು ಪ್ರದರ್ಶನದ ದೋಷವೆಂದು ಹಲವರು ಡ್ರೈವರ್ ಬದಲಿಸಲು ಹೊರಡುತ್ತಾರೆ. ಅದು ಅಕ್ಷರಶೈಲಿಯ ಕೊರತೆ. ನೋಟೋ ಅಥವಾ ಲೋಹಿತ್ ಕನ್ನಡವನ್ನು ಹಾಕಿಕೊಂಡರೆ ಸಾಕು, ಡ್ರೈವರನ್ನು ಮುಟ್ಟಬೇಕಾಗಿಲ್ಲ.