ಆಸ್ಪತ್ರೆಯಿಂದ ಊರಿನವರೆಗೆ

ಶಸ್ತ್ರವೈದ್ಯದ ಇತಿಹಾಸವನ್ನು ಬರೆದವರಲ್ಲಿ ಹೆಚ್ಚಿನವರು ಶಸ್ತ್ರವೈದ್ಯರೇ ಆಗಿದ್ದಾರೆ. ಆದುದರಿಂದ ಆ ಇತಿಹಾಸ ಶಸ್ತ್ರಕ್ರಿಯೆಯ ಕೊಠಡಿಯ ಬಾಗಿಲವರೆಗೆ ಬಂದು ಅಲ್ಲಿಯೇ ನಿಂತುಬಿಡುತ್ತದೆ. ಹೊಲಿಗೆ ಹಾಕಿಸಿಕೊಂಡವನು ಊರಿಗೆ ಹೇಗೆ ಹೋದ, ಯಾವ ವಾಹನದಲ್ಲಿ ಹೋದ, ಮನೆಯ ಮುಂದಿನ ಕಟ್ಟೆಯ ಮೇಲೆ ಹೇಗೆ ಕುಳಿತ, ಕೇಳಿದವರಿಗೆ ಏನು ಹೇಳಿದ ಎಂಬುದನ್ನು ಗ್ರಂಥಗಳಲ್ಲಿ ಹುಡುಕಿದರೆ ಸಿಕ್ಕುವುದು ಅಪರೂಪ. ಕಣ್ಣಿನ ಪೊರೆ ತೆಗೆಸಿಕೊಂಡವರು ಆ ಕಥೆಯನ್ನು ತಾವಾಗಿಯೇ ಊರಿಗೆಲ್ಲ ಹೇಳುತ್ತಾರೆ. ಆದರೆ ಗಂಡಸರು ಬಾಯಿ ಬಿಡದ ಒಂದು ಶಸ್ತ್ರಕ್ರಿಯೆ ಇದೆ. ಸತ್ವ ಕಳೆದುಕೊಂಡ ಶಿಶ್ನದೊಳಗೆ ಕೃತಕ ದಂಡಗಳನ್ನು ಇರಿಸುವ ಆ ಶಸ್ತ್ರಕ್ರಿಯೆಯೇ ಇಂದಿನ ನನ್ನ ಮಾತಿನ ವಿಷಯ. ಬಸವನ ಬಾಗೇವಾಡಿ ಸೀಮೆಯ ಗೊಳಸಂಗಿಯವನಾದ ನಾನು ಅದನ್ನು ಮಾಡಿಸಿಕೊಂಡು ಊರಿಗೆ ಮರಳಿದವನು. ವೃತ್ತಿಯಿಂದ ಇತಿಹಾಸದ ಅಧ್ಯಾಪಕನಾಗಿದ್ದವನು. ಎರಡೂ ಕಡೆಯಿಂದ ಮಾತನಾಡುವ ಅಧಿಕಾರ ನನಗುಂಟೆಂದು ಭಾವಿಸಿದ್ದೇನೆ.

ನಮ್ಮ ಹಿರಿಯರು ಈ ವಿಷಯದಲ್ಲಿ ನಮ್ಮಷ್ಟು ನಾಚಿದವರಲ್ಲ. ಆಯುರ್ವೇದದ ಎಂಟು ಅಂಗಗಳಲ್ಲಿ ವಾಜೀಕರಣವೂ ಒಂದು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ರಸಾಯನದ ಬೆನ್ನಿಗೇ, ಜ್ವರಕ್ಕಿಂತಲೂ ಮುಂಚೆ, ಅದಕ್ಕೆ ಸ್ಥಾನ ದೊರೆತಿದೆ. ಕ್ಲೈಬ್ಯದ ಕಾರಣಗಳನ್ನು ಎಣಿಸುವಾಗ ಚರಕನು ಮುಪ್ಪನ್ನು ಹೆಸರಿಸುತ್ತಾನೆ. ಸುಶ್ರುತನು ಮನಸ್ಸನ್ನೂ ಮರ್ಮಕ್ಕಾದ ಗಾಯವನ್ನೂ ಬೇರೆ ಬೇರೆಯಾಗಿ ಹೇಳಿ, ಹುಟ್ಟಿನಿಂದ ಬಂದುದೂ ಮರ್ಮಚ್ಛೇದದಿಂದ ಬಂದುದೂ ಅಸಾಧ್ಯವೆಂದು ಕೈಬಿಡುತ್ತಾನೆ. ಮನಸ್ಸಿನಿಂದ ಬಂದುದು ಬೇರೆ, ದೇಹದಿಂದ ಬಂದುದು ಬೇರೆ ಎಂಬ ಆ ವಿವೇಕ ದೊಡ್ಡದು. ಕನ್ನಡದಲ್ಲಿಯೂ ಕಲ್ಯಾಣದ ಚಾಲುಕ್ಯ ಜಯಸಿಂಹನ ಕಾಲಕ್ಕೆ, ಹನ್ನೊಂದನೆಯ ಶತಮಾನದಲ್ಲಿ, ಚಂದ್ರರಾಜನು ‘ಮದನತಿಲಕ’ವನ್ನು ರಚಿಸಿದ. ನಮ್ಮ ಗೊಳಸಂಗಿಯ ಸೀಮೆ ಆಗ ಅದೇ ಅರಸರ ಆಳಿಕೆಯಲ್ಲಿತ್ತು. ವಿದ್ವತ್ಸಭೆಯಲ್ಲಿ ಓದಬಹುದಾಗಿದ್ದ ವಿಷಯ ಮುಂದೆ ಬಸ್ಸು ನಿಲ್ದಾಣದ ಹಿಂದಿನ ಗೋಡೆಗೆ ಹೇಗೆ ಇಳಿಯಿತೆಂಬುದು ಬೇರೆಯೇ ಸಂಶೋಧನೆಗೆ ತಕ್ಕ ವಿಷಯ.

ಸುಶ್ರುತನು ಕೈಬಿಟ್ಟಲ್ಲಿಂದ ಶಸ್ತ್ರವೈದ್ಯರು ಮುಂದುವರಿದದ್ದು ಬಹಳ ತಡವಾಗಿ. ಹದಿನಾರನೆಯ ಶತಮಾನದಲ್ಲಿ ಫ್ರಾನ್ಸಿನ ಆಂಬ್ರ್ವಾಸ್ ಪಾರೆ, ಯುದ್ಧದಲ್ಲಿ ಅಂಗ ಕಳೆದುಕೊಂಡವನು ನಿಂತು ಮೂತ್ರ ವಿಸರ್ಜಿಸಲೆಂದು ಕಟ್ಟಿಗೆಯ ಕೊಳವೆಯೊಂದನ್ನು ಯೋಚಿಸಿದ್ದ. ಅಷ್ಟಕ್ಕೇ ಅದು ನಿಂತಿತು. ನಿಜವಾದ ಆರಂಭ 1936ರಲ್ಲಿ, ಸೋವಿಯೆತ್ ರಷ್ಯದಲ್ಲಿ. ನಿಕೊಲಾಯ್ ಬೊಗೊರಾಜ್ ಎಂಬ ಶಸ್ತ್ರವೈದ್ಯನು ರೋಗಿಯ ಪಕ್ಕೆಲುಬಿನ ಮೃದ್ವಸ್ಥಿಯನ್ನು ತೆಗೆದು ಹೊಸದಾಗಿ ರಚಿಸಿದ ಅಂಗದೊಳಗೆ ಇರಿಸಿದ. ಈ ಬೊಗೊರಾಜ್ ಟ್ರಾಮ್ ಅಪಘಾತದಲ್ಲಿ ತನ್ನ ಎರಡೂ ಕಾಲುಗಳನ್ನು ಕಳೆದುಕೊಂಡು, ಕೃತಕ ಕಾಲುಗಳ ಮೇಲೆ ನಿಂತೇ ಶಸ್ತ್ರಕ್ರಿಯೆ ನಡೆಸುತ್ತಿದ್ದವನು. ದೇಹದಲ್ಲಿ ಇಲ್ಲದ್ದನ್ನು ಹೊರಗಿನಿಂದ ತಂದು ಜೋಡಿಸಿಕೊಂಡು ಬದುಕುವುದೆಂದರೇನೆಂಬುದನ್ನು ಆತ ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. ನಾನು ಈ ವಿಷಯವನ್ನು ಓದತೊಡಗಿದಾಗ ಮೊದಲು ನನ್ನನ್ನು ಹಿಡಿದು ನಿಲ್ಲಿಸಿದ ಮನುಷ್ಯ ಇವನೇ.

ಮೃದ್ವಸ್ಥಿಯ ದೋಷವೆಂದರೆ ಅದು ಕಾಲಕ್ರಮದಲ್ಲಿ ಕರಗುತ್ತದೆ, ಇಲ್ಲವೆ ಬಾಗುತ್ತದೆ. 1952ರಲ್ಲಿ ಅಮೆರಿಕದ ಗುಡ್‌ವಿನ್ ಮತ್ತು ಸ್ಕಾಟ್ ಅದರ ಬದಲು ಅಕ್ರಿಲಿಕ್ ದಂಡಗಳನ್ನು ಬಳಸಿದರು. ಈಜಿಪ್ತಿನ ಬೆಹೆರಿ ಎಂಬ ವೈದ್ಯನು ಪಾಲಿಥೀನಿನ ದಂಡಗಳನ್ನು ಚರ್ಮದ ಕೆಳಗಲ್ಲ, ರಕ್ತ ತುಂಬಿಕೊಳ್ಳುವ ಎರಡು ಸಹಜ ಕೋಶಗಳ ಒಳಗೇ ಕೂಡಿಸಿದ. 1966ರಲ್ಲಿ ಅಂಥ ಏಳುನೂರಕ್ಕೂ ಹೆಚ್ಚು ರೋಗಿಗಳ ವರದಿಯನ್ನು ಪ್ರಕಟಿಸಿದ. ಇಂದಿಗೂ ದಂಡಗಳನ್ನು ಇಡುವುದು ಅಲ್ಲಿಯೇ. ಪಶ್ಚಿಮದ ಪುಸ್ತಕಗಳು ಬೆಹೆರಿಗೆ ಒಂದೆರಡು ಸಾಲು ಕೊಟ್ಟು ಮುಂದೆ ಹೋಗುತ್ತವೆ. ಅದು ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ.

ಇಲ್ಲಿಗೆ ವೈದ್ಯನ ಸಮಸ್ಯೆ ಬಗೆಹರಿಯಿತು, ರೋಗಿಯದು ಆರಂಭವಾಯಿತು. ಗಟ್ಟಿ ದಂಡ ಹಗಲಿರುಳೂ ಗಟ್ಟಿಯಾಗಿಯೇ ಇರುತ್ತದೆ. ಅವನು ಸಂತೆಗೆ ಹೋಗಬೇಕು, ಬೀಗರ ಮನೆಯಲ್ಲಿ ಪಂಕ್ತಿಗೆ ಕೂಡಬೇಕು, ಮೊಮ್ಮಗನನ್ನು ತೊಡೆಯ ಮೇಲೆ ಏರಿಸಿಕೊಳ್ಳಬೇಕು. ಮುಂದಿನ ಇಪ್ಪತ್ತು ವರ್ಷಗಳ ಸಂಶೋಧನೆಯನ್ನು ನಡೆಸಿದ್ದು ಶಯನಗೃಹದ ಅಗತ್ಯಕ್ಕಿಂತ ಹೆಚ್ಚಾಗಿ ಜನರ ನಡುವೆ ಕೂಡಬೇಕಾದ ಈ ಅಗತ್ಯವೇ ಎಂದು ಹೇಳಿದರೆ ತಪ್ಪಾಗಲಾರದು. 1973ರಲ್ಲಿ ಹ್ಯೂಸ್ಟನ್ನಿನ ಬ್ರಾಂಟ್ಲಿ ಸ್ಕಾಟ್ ತನ್ನ ಸಂಗಡಿಗರೊಂದಿಗೆ ನೀರು ತುಂಬಿಸಿ ಬಿಡಬಹುದಾದ ಸಾಧನವನ್ನು ಪ್ರಕಟಿಸಿದ: ಹೊಟ್ಟೆಯೊಳಗೆ ನೀರಿನ ಚೀಲ, ವೃಷಣದ ಚೀಲದಲ್ಲಿ ಒತ್ತುವ ಪಂಪು, ಶಿಶ್ನದಲ್ಲಿ ಎರಡು ಟೊಳ್ಳು ಕೊಳವೆ. ಬೇಡವಾದಾಗ ಅಂಗ ಸಹಜವಾಗಿ ಮಲಗುತ್ತದೆ. ಎರಡು ವರ್ಷಗಳ ಅನಂತರ ಸ್ಮಾಲ್ ಮತ್ತು ಕ್ಯಾರಿಯನ್ ಎಂಬಿಬ್ಬರು ಒಳಗೆ ಸ್ಪಂಜು ತುಂಬಿದ ಸಿಲಿಕೋನ್ ದಂಡಗಳನ್ನು ಬಳಕೆಗೆ ತಂದರು. ಜರ್ಮನಿಯ ಯೋನಾಸ್ ಎಂಬಾತ ಸಿಲಿಕೋನಿನೊಳಗೆ ಬೆಳ್ಳಿಯ ತಂತಿ ಹೆಣೆದು, ಕೈಯಿಂದ ಬಾಗಿಸಿದರೆ ಬಾಗಿದಂತೆಯೇ ನಿಲ್ಲುವ ದಂಡ ಮಾಡಿದ. ಬೆಳ್ಳಿಗೆ ಇಂಥದೊಂದು ಉಪಯೋಗವಿದೆಯೆಂದು ನಮ್ಮ ಊರಿನ ಪತ್ತಾರರು ಕನಸಿನಲ್ಲಿಯೂ ನೆನೆದಿರಲಾರರು!

ಇದೇ ಕಾಲದಲ್ಲಿ ಇನ್ನೊಂದು ವಾದವೂ ನಡೆದಿತ್ತು. ಮಾಸ್ಟರ್ಸ್ ಮತ್ತು ಜಾನ್ಸನ್ ತಮ್ಮ 1970ರ ಗ್ರಂಥದಲ್ಲಿ ಈ ದೌರ್ಬಲ್ಯ ಬಹುಮಟ್ಟಿಗೆ ಮನಸ್ಸಿನದೇ ಎಂದಿದ್ದರು. 1983ರಲ್ಲಿ ಇಂಗ್ಲೆಂಡಿನ ಗೈಲ್ಸ್ ಬ್ರಿಂಡ್ಲಿ, ಲಾಸ್ ವೇಗಾಸ್‌ನ ವೈದ್ಯರ ಸಮ್ಮೇಳನದಲ್ಲಿ, ತನಗೆ ತಾನೇ ಔಷಧಿ ಚುಚ್ಚಿಕೊಂಡು ಅದರ ಪರಿಣಾಮವನ್ನು ಸಭೆಗೆ ಪ್ರತ್ಯಕ್ಷವಾಗಿ ತೋರಿಸಿದ. ಸಭ್ಯತೆಯ ದೃಷ್ಟಿಯಿಂದ ಅದೇನೇ ಇರಲಿ, ರಕ್ತನಾಳಗಳ ಪಾತ್ರವನ್ನು ಅಲ್ಲಗಳೆಯುವುದು ಅಂದಿನಿಂದ ಕಷ್ಟವಾಯಿತು. 1998ರಲ್ಲಿ ಗುಳಿಗೆ ಬಂದಿತು. ಅನೇಕರಿಗೆ ಅದರಿಂದಲೇ ಪರಿಹಾರ ದೊರೆಯಿತು. ಆದರೆ ಬಹುಕಾಲದ ಸಕ್ಕರೆ ಕಾಯಿಲೆ ನರಗಳನ್ನೂ ನಾಳಗಳನ್ನೂ ಕೆಡಿಸಿದವರಲ್ಲಿ ಗುಳಿಗೆ ಎಷ್ಟೋ ವೇಳೆ ಸೋಲುತ್ತದೆ. ನಾನು ಆ ಗುಂಪಿಗೆ ಸೇರಿದವನು.

ನಮ್ಮ ದೇಶದಲ್ಲಿ 1954ರಷ್ಟು ಹಿಂದೆಯೇ ಮಾಂತ್ರಿಕ ಚಿಕಿತ್ಸೆ ಹಾಗೂ ಆಕ್ಷೇಪಾರ್ಹ ಔಷಧಿ ಜಾಹೀರಾತುಗಳ ವಿರುದ್ಧ ಕಾಯಿದೆ ಬಂದಿದೆ. ಅದರ ಪಟ್ಟಿಯಲ್ಲಿ ಈ ದೌರ್ಬಲ್ಯದ ಹೆಸರೂ ಇದೆ. 1959ರಲ್ಲಿ ಸುಪ್ರೀಂ ಕೋರ್ಟು ಆ ಕಾಯಿದೆಯ ಕೆಲವು ಭಾಗಗಳನ್ನು ತಳ್ಳಿಹಾಕಿದರೂ ಅದರ ಉದ್ದೇಶವನ್ನು ಎತ್ತಿಹಿಡಿಯಿತು. ಆದರೂ ವಿಜಯಪುರದಿಂದ ಹೊರಟು ಯಾವ ದಿಕ್ಕಿಗೆ ಹೋದರೂ ‘ಗುಪ್ತರೋಗ’ವೆಂಬ ದಪ್ಪಕ್ಷರಗಳು ಗೋಡೆಗಳ ಮೇಲೆ ಕಾಣುತ್ತವೆ. ಜಾತ್ರೆಯ ಡೇರೆಗಳ ಮಾತಂತೂ ಬೇಡವೇ ಬೇಡ. ಕಾಯಿದೆ ಜಾಹೀರಾತನ್ನು ತಡೆಯಬಲ್ಲದು. ಕೇಳಲು ಬೇರೆ ಯಾರೂ ಇಲ್ಲದ ಗಂಡಸು ಆ ಡೇರೆಯ ಪರದೆಯನ್ನು ಸರಿಸುವುದನ್ನು ತಡೆಯಲಾರದು.

ಇಷ್ಟರ ನಡುವೆ ಮುಂಬಯಿಯ ವೈದ್ಯ ರೂಪಿನ್ ಶಹಾ ಅವರು ಮಾಡಿದ ಕೆಲಸವನ್ನು ನೆನೆಯಬೇಕು. ಹೊರದೇಶದ ನೀರು ತುಂಬುವ ಸಾಧನದ ಬೆಲೆ ನಮ್ಮಂಥವರ ಕೈಗೆ ಎಟುಕುವಂಥದಲ್ಲ. ಅವರು ರೂಪಿಸಿದ ಸಿಲಿಕೋನ್ ದಂಡ ಇಲ್ಲಿಯೇ ತಯಾರಾಗುತ್ತದೆ. ಅದರಲ್ಲಿ ಬಾಗಲು ಅನುಕೂಲವಾದ ಮೆತ್ತನೆಯ ಭಾಗವಿದೆ. ಮೇಲೆ ಹೊದಿಸಿದ ಕವಚಗಳನ್ನು ಕಳಚಿ ದಪ್ಪವನ್ನು ಹೊಂದಿಸಬಹುದಾದ್ದರಿಂದ ಆಸ್ಪತ್ರೆ ಹತ್ತಾರು ಅಳತೆಗಳನ್ನು ಕೊಂಡು ಸಂಗ್ರಹಿಸಿಡಬೇಕಾಗಿಲ್ಲ. ಇದರ ಫಲಿತಾಂಶಗಳನ್ನು ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದವರಲ್ಲಿ ಬೆಂಗಳೂರಿನ ವೈದ್ಯರೂ ಇದ್ದಾರೆ.

ನಾನು ಆರಿಸಿಕೊಂಡದ್ದು ಇದನ್ನೇ. ಬೆಲೆ ಒಂದು ಕಾರಣ. ಇನ್ನೊಂದು, ಪಂಪು ಕೊಳವೆಗಳಿರುವ ಯಂತ್ರ ಕೆಟ್ಟರೆ ಗೊಳಸಂಗಿಯಿಂದ ಬೆಂಗಳೂರಿಗೆ ಮತ್ತೆ ಓಡಬೇಕು. ಕೆಡಲು ಏನೂ ಇಲ್ಲದ ವಸ್ತು ದೂರದ ಊರಿನವನಿಗೆ ಲೇಸು. ವೈದ್ಯರು ನನ್ನನ್ನೂ ನನ್ನ ಪತ್ನಿಯನ್ನೂ ಜೊತೆಗೆ ಕೂರಿಸಿಕೊಂಡು ಸ್ಪಷ್ಟವಾಗಿ ಹೇಳಿದರು: ಇದು ಗಡಸುತನವನ್ನು ಮಾತ್ರ ಕೊಡುತ್ತದೆ, ಬಯಕೆಯನ್ನು ಕೊಡುವುದಿಲ್ಲ, ಉದ್ದವನ್ನು ಬೆಳೆಸುವುದಿಲ್ಲ. ಒಮ್ಮೆ ಇಟ್ಟ ಮೇಲೆ ಒಳಗಿನ ಸಹಜ ಕೋಶ ಹಾಳಾಗುವುದರಿಂದ ಹಿಂದಿರುಗುವ ದಾರಿ ಇಲ್ಲ. ಸೋಂಕು ತಗುಲಿದರೆ ದಂಡಗಳನ್ನೇ ತೆಗೆಯಬೇಕಾಗಬಹುದು. ಸಕ್ಕರೆ ಹತೋಟಿಗೆ ಬರುವವರೆಗೆ ದಿನ ಗೊತ್ತುಪಡಿಸಲು ಅವರು ಒಪ್ಪಲಿಲ್ಲ. ಅಂಥ ವೈದ್ಯರನ್ನು ನಾನು ಗೌರವಿಸುತ್ತೇನೆ.

ಮೂತ್ರದ ನಳಿಕೆಯನ್ನು ಮರುದಿನ ತೆಗೆದರು. ಮೂರನೆಯ ದಿನ ಆಸ್ಪತ್ರೆಯಿಂದ ಬಿಟ್ಟರೂ ಊರಿಗೆ ಹೋಗಗೊಡಲಿಲ್ಲ. ಹತ್ತಿರದ ಕೊಠಡಿಯೊಂದರಲ್ಲಿ ಹತ್ತನೆಯ ದಿನದವರೆಗೆ ಇದ್ದು, ಗಾಯ ತೋರಿಸಿ ಹೊರಟೆವು. ಬಾವು ಇನ್ನೂ ಪೂರ್ತಿ ಇಳಿದಿರಲಿಲ್ಲ. ನೀಲಿಗಟ್ಟಿದ್ದು ಹಳದಿಗೆ ತಿರುಗಿತ್ತು. ಸಂಜೆಯ ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಕೆಳಗಿನ ಮಂಚ. ಪ್ಯಾಂಟು ಬಿಟ್ಟು ಧೋತರ ಉಟ್ಟಿದ್ದೆ. ನಮ್ಮ ಹಿರಿಯರ ಈ ಉಡುಪಿನ ಸೌಲಭ್ಯವನ್ನು ಈ ಶಸ್ತ್ರಕ್ರಿಯೆಯಾದವನಂತೆ ಬೇರೆಯವರು ಅರಿಯಲಾರರು: ಅದು ಎಲ್ಲಿಯೂ ಒತ್ತುವುದಿಲ್ಲ, ಏನನ್ನೂ ತೋರಿಸುವುದಿಲ್ಲ. ಕುಳಿತರೆ ನೋವು, ಮಲಗಿದರೆ ಹಿತ. ಆದರೆ ಅಪರಿಚಿತರ ನಡುವೆ ಸಂಜೆ ಏಳಕ್ಕೇ ಮಲಗಿದರೆ ಕಾರಣ ಹೇಳಬೇಕಾಗುತ್ತದೆ. ಎದುರಿನ ಮಂಚದವರು ಕೇಳಿಯೂ ಕೇಳಿದರು. ಹೊಟ್ಟೆಯ ಕೆಳಗೆ ಆಪರೇಷನ್ ಆಗಿದೆಯೆಂದು ನನ್ನ ಪತ್ನಿ ಉತ್ತರಿಸಿದಳು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವರು ತಕ್ಷಣ ಹರ್ನಿಯಾದ ತಮ್ಮ ಕಥೆಯನ್ನು ಆರಂಭಿಸಿದರು. ಅರಸೀಕೆರೆಯವರೆಗೂ ಅದು ಮುಗಿಯಲಿಲ್ಲ.

ಗದಗ-ಹೊಟಗಿಯ ಹಳಿ ಒಂದು ಶತಮಾನಕ್ಕೂ ಹೆಚ್ಚು ಕಾಲ ಮೀಟರ್ ಗೇಜ್ ಆಗಿತ್ತು. ಆ ಹಳೆಯ ಡಬ್ಬಿಗಳ ಕುಲುಕಾಟವನ್ನು ಬಲ್ಲ ನಾನು, ಗದಗಿನ ಅನಂತರ ಪ್ರತಿಯೊಂದು ಹಳಿ ಜೋಡಣೆಯನ್ನೂ ಮನಸ್ಸಿನಲ್ಲಿಯೇ ಎಣಿಸುತ್ತ, ಬ್ರಾಡ್ ಗೇಜ್ ಮಾಡಿದವರಿಗೆ ವಂದಿಸುತ್ತ ಮಲಗಿದ್ದೆ. ಬೆಳಗಿನಲ್ಲಿ ಸೀತಿಮನಿ ದಾಟಿ ಕೃಷ್ಣೆಯ ಸೇತುವೆ ಬಂದಿತು. ಆಲಮಟ್ಟಿಯಲ್ಲಿ ಇಳಿದು ಬಾಡಿಗೆಯ ಕಾರಿನಲ್ಲಿ ನಿಡಗುಂದಿಯ ಮೇಲಿಂದ ಊರು ಸೇರಿದೆವು. ರೈಲಿನ ರಾತ್ರಿಯಿಡೀ ಆಗದ ನೋವು ಓಣಿಯ ಕೊನೆಯ ತಗ್ಗುಗಳಲ್ಲಿ ಆಯಿತು.

ಊರಿನಲ್ಲಿ ಆರು ವಾರಗಳು. ಭಾರ ಎತ್ತಬಾರದು, ಸೈಕಲ್ಲು ಮೋಟಾರು ಸೈಕಲ್ಲು ಕೂಡದು, ಎತ್ತಿನ ಗಾಡಿಯಂತೂ ಕನಸಿನ ಮಾತು. ಮಲಬದ್ಧತೆಯಾಗದಂತೆ ಊಟ, ದಿನವೂ ಸಕ್ಕರೆಯ ಪರೀಕ್ಷೆ, ಹೇಳಿದಷ್ಟು ದಿನ ಗುಳಿಗೆ. ಜ್ವರ, ಕೀವು, ಇಳಿಯದೆ ಏರುವ ನೋವು ಇವುಗಳಲ್ಲಿ ಯಾವುದು ಕಂಡರೂ ಆ ದಿನವೇ ವೈದ್ಯರಿಗೆ ತಿಳಿಸಬೇಕು. ಎರಡನೆಯ ವಾರದ ಒಂದು ರಾತ್ರಿ ಮೈ ಬೆಚ್ಚಗಾದಂತೆನಿಸಿ ಪತ್ನಿ ಬೆಳಗಿನವರೆಗೆ ಥರ್ಮಾಮೀಟರ್ ಹಿಡಿದು ಎಚ್ಚರವಾಗಿದ್ದಳು. ಜ್ವರವಿರಲಿಲ್ಲ, ಬೇಸಗೆಯ ಸೆಕೆ. ಅವಳು ನಾಲ್ಕು ವರ್ಷ ನನಗೆ ಏನನ್ನೂ ಕೇಳಿರಲಿಲ್ಲ. ಆ ರಾತ್ರಿ ಮಾತ್ರ, ಇದನ್ನು ತನಗಾಗಿ ಮಾಡಿಸಿಕೊಂಡೆನೋ ನನಗಾಗಿಯೋ ಎಂದು ಕೇಳಿದಳು. ಇಬ್ಬರಿಗಾಗಿಯೂ ಎಂದೆ. ನಿಮಗಾಗಿ ಎಂದಿದ್ದರೆ ನಂಬುತ್ತಿದ್ದೆ ಎಂದು ನಕ್ಕಳು.

ಆರು ವಾರ ಕಳೆದ ಮೇಲೆ ಊರಿನಲ್ಲಿ ಮೊದಲಿನಂತೆ ಓಡಾಡತೊಡಗಿದೆ. ಯಾರಿಗೂ ಏನೂ ಕಾಣಲಿಲ್ಲ. ಕಾಣಬಾರದೆಂದೇ ಅಷ್ಟು ಜನ ಅಷ್ಟು ವರ್ಷ ದುಡಿದದ್ದಲ್ಲವೆ? ಕೆಲವು ತಿಂಗಳ ಅನಂತರ ಪಕ್ಕದ ಹಳ್ಳಿಯ ಪರಿಚಯದ ಗೃಹಸ್ಥರೊಬ್ಬರು, ನನ್ನಂತೆಯೇ ಸಕ್ಕರೆಯವರು, ನನ್ನನ್ನು ಬೇವಿನ ಗಿಡದ ಮರೆಗೆ ಕರೆದರು. ಹರ್ನಿಯಾದ ಕಥೆಯನ್ನು ಅವರು ನಂಬಿರಲಿಲ್ಲವೆಂದು ತೋರುತ್ತದೆ. ಖರ್ಚನ್ನು ಅವರು ಕೇಳಲಿಲ್ಲ, ನೋವನ್ನೂ ಕೇಳಲಿಲ್ಲ. ಬೆಂಗಳೂರಿನಿಂದ ಬರುವಾಗ ಅಷ್ಟು ದೂರ ಕೂಡಲು ಆಗುತ್ತದೆಯೇ ಎಂದು ಕೇಳಿದರು. ಕೆಳಗಿನ ಮಂಚ ಸಿಕ್ಕುವ ದಿನ ನೋಡಿ ಹೊರಡಿ, ಧೋತರ ಉಟ್ಟುಕೊಳ್ಳಿ, ಹೆಂಡತಿಯನ್ನು ಕರೆದೊಯ್ಯಿರಿ ಎಂದು ಹೇಳಿ, ಆಸ್ಪತ್ರೆಯ ವಿಳಾಸವನ್ನು ಬರೆದು ಕೊಟ್ಟೆ.