ಪೆಟ್ರೋಲಿನ ಸೀಸ ಮತ್ತು ದೇಹದ ಕಾವಲು

1921ರಲ್ಲಿ ಅಮೆರಿಕದ ಥಾಮಸ್ ಮಿಡ್ಗ್ಲಿ ಎಂಜಿನ್ನಿನ ಬಡಿತ ತಗ್ಗಿಸಲೆಂದು ಕಂಡುಕೊಂಡ ಟೆಟ್ರಾಈಥೈಲ್ ಸೀಸವು, ಅಂದರೆ ಪೆಟ್ರೋಲಿನಲ್ಲಿ ಕರಗುವ ಸೀಸದ ಸಂಯುಕ್ತವು, ದಶಕಗಳ ಕಾಲ ಬೆಂಗಳೂರಿನ ಬೀದಿಗಳಲ್ಲಿಯೂ ಮುಂಡರಗಿಯಂತಹ ಊರುಗಳ ರಸ್ತೆಬದಿಗಳಲ್ಲಿಯೂ ಹೊಗೆಯಾಗಿ ಹರಡಿ ಮಣ್ಣು ಸೇರಿತು; ಸೀಸವು ಲೋಹವಾದ್ದರಿಂದ ಅಲ್ಲಿ ಕೊಳೆತು ನಾಶವಾಗುವುದಿಲ್ಲ.

ಮಕ್ಕಳ ಬುದ್ಧಿಗೆ ಅದು ಮಾಡುವ ಕೇಡು ಬಹಳ ಚರ್ಚೆಯಾಗಿದೆ, ರೋಗನಿರೋಧಕ ವ್ಯವಸ್ಥೆಗೆ ಮಾಡುವ ಕೇಡು ಮಾತ್ರ ಅನ್ಯಾಯವಾಗಿ ಮರೆಯಲ್ಲಿ ಉಳಿದಿದೆ. ಸೋಂಕಿನ ವಿರುದ್ಧದ ಹೋರಾಟವನ್ನು ನಿರ್ದೇಶಿಸುವ ಸಹಾಯಕ ಟಿ ಕೋಶಗಳಲ್ಲಿ, ಜೀವಕೋಶಗಳೊಳಗೆ ಅಡಗುವ ರೋಗಾಣುಗಳನ್ನು ಎದುರಿಸುವ ಮೊದಲ ಬಗೆಯನ್ನು ಸೀಸವು ಕುಗ್ಗಿಸಿ, ಪ್ರತಿಕಾಯಗಳ ತಯಾರಿಕೆಯನ್ನು ಪ್ರಚೋದಿಸುವ ಎರಡನೆಯ ಬಗೆಯ ಕಡೆಗೆ ತಕ್ಕಡಿಯನ್ನು ವಾಲಿಸುತ್ತದೆಂದು ಪ್ರಾಣಿಪ್ರಯೋಗಗಳು ತೋರಿಸಿವೆ. ರಕ್ತದಲ್ಲಿ ಸೀಸ ಹೆಚ್ಚಿರುವ ಮಕ್ಕಳಲ್ಲಿ, ಅಲರ್ಜಿಗೆ ಸಂಬಂಧಿಸಿದ ಐಜಿಇ ಎಂಬ ಪ್ರತಿಕಾಯವೂ ಏರಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ.

1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್ ದೇಶದ ಪ್ರಮುಖ ನಗರಗಳಲ್ಲಿ ನಡೆಸಿದ ರಕ್ತಪರೀಕ್ಷೆಯಲ್ಲಿ, 12 ವರ್ಷದೊಳಗಿನ ಸುಮಾರು ಅರ್ಧದಷ್ಟು ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಮೀರಿದ ಸೀಸ ಕಂಡುಬಂದಿತು. ಇಷ್ಟು ದೊಡ್ಡ ವಿಷಸೇವನೆ ಅಲ್ಲಿಯವರೆಗೆ ಹೆಚ್ಚಿನವರ ಗಮನಕ್ಕೆ ಬಾರದಿದ್ದುದು ನೋವಿನ ಸಂಗತಿ. 2000ದ ಫೆಬ್ರವರಿ 1ರಿಂದ ದೇಶದಾದ್ಯಂತ ಸೀಸಯುಕ್ತ ಪೆಟ್ರೋಲಿನ ಮಾರಾಟ ನಿಂತಿತು. ಆದರೆ ಮನೆಗೆ ಬಳಿಯುವ ಬಣ್ಣಗಳಲ್ಲಿನ ಸೀಸಕ್ಕೆ ಹತ್ತು ಲಕ್ಷ ಭಾಗದಲ್ಲಿ 90 ಭಾಗವೆಂಬ ಮಿತಿ ಬರಲು 2016ರ ನಿಯಮಗಳವರೆಗೆ ಕಾಯಬೇಕಾಯಿತು.