ಅನಧ್ಯಾಯದ ದಿನಗಳು

ಓದು, ಪಾಠ, ರಚನೆ ಎಂಬ ಮೂರು ಕಾರ್ಯಗಳು ಒಬ್ಬನೇ ಉಪಾಧ್ಯಾಯನ ಒಂದೇ ಮಾಸದಲ್ಲಿ ಎಡೆಗಾಗಿ ಪರಸ್ಪರ ನೂಕಾಡತೊಡಗಿದ್ದು ನಮ್ಮಲ್ಲಿ ಬಹಳ ಹಳೆಯ ಸಂಗತಿಯಲ್ಲ. ಪ್ರಾಚೀನರು ಅಧ್ಯಾಪನಕ್ಕೆ ಪಂಚಾಂಗದಲ್ಲಿಯೇ ಎಲ್ಲೆ ಕಟ್ಟಿದ್ದರು. ಉಭಯ ಪಕ್ಷಗಳ ಪ್ರತಿಪದೆ, ಅಷ್ಟಮಿ, ಚತುರ್ದಶಿಗಳು, ಅವುಗಳೊಡನೆ ಹುಣ್ಣಿಮೆ ಅಮಾವಾಸ್ಯೆಗಳು, ಹೀಗೆ ತಿಂಗಳಿಗೆ ಎಂಟು ದಿನ ಅನಧ್ಯಾಯ. ಸಾಲದುದಕ್ಕೆ ಅಕಾಲದಲ್ಲಿ ಗುಡುಗಿದರೂ ಗ್ರಹಣ ಹಿಡಿದರೂ ಪಾಠ ನಿಲ್ಲುತ್ತಿತ್ತು. ಅಮಾವಾಸ್ಯೆಯ ಪಾಠ ಗುರುವಿಗೂ ಚತುರ್ದಶಿಯ ಪಾಠ ಶಿಷ್ಯನಿಗೂ ಕೇಡೆಂದು ಧರ್ಮಶಾಸ್ತ್ರಕಾರರು ಹೆದರಿಸಿಯೂ ಇದ್ದರು. ಈ ಕಟ್ಟಳೆ ಮುಖ್ಯವಾಗಿ ವೇದಪಾಠಕ್ಕೆ ಸೇರಿದ್ದು. ವೇದಾಂಗಗಳಿಗೆ ಅದು ಅಷ್ಟು ಬಿಗಿಯಾಗಿರಲಿಲ್ಲ. ಆದರೂ ಆ ಭಯಕ್ಕೆ ಆಧಾರವೇನೇ ಇರಲಿ, ಅದರ ನೆರಳಿನಲ್ಲಿ ಗುರುವಿಗೆ ದೊರೆತ ವಿರಾಮವಂತೂ ದಿಟವಾದುದು.

ಬಿಡುವಿಗೆ ಪಂಚಾಂಗದ ರಕ್ಷೆಯಿದ್ದರೆ ಹೊಟ್ಟೆಗೆ ಭೂಮಿಯ ರಕ್ಷೆಯಿತ್ತು. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದಲ್ಲಿ, 945ರಲ್ಲಿ, ವಿಜಯಪುರ ಸೀಮೆಯ ಸಾಲೋಟಗಿಯ ವಿದ್ಯಾಶಾಲೆಗೆ ದತ್ತಿ ಬಿಟ್ಟುದನ್ನು ಅಲ್ಲಿಯ ಸ್ತಂಭಶಾಸನವು ಹೇಳುತ್ತದೆ. ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನವಾದರೋ ವೇದ, ವ್ಯಾಕರಣ, ದರ್ಶನಗಳ ಸಾಲಿನಲ್ಲಿಯೇ ಕಾವ್ಯನಾಟಕಗಳ ವ್ಯಾಖ್ಯಾನವನ್ನೂ ಎಣಿಸಿ, ಅದೇ ಉಸಿರಿನಲ್ಲಿ ದೀನಾನಾಥರಿಗೆ ಅಲ್ಲಿ ನಡೆಯುತ್ತಿದ್ದ ಅನ್ನದಾನವನ್ನೂ ಹೊಗಳುತ್ತದೆ. ಅಂಥಲ್ಲಿ ವ್ಯಾಖ್ಯಾನಕಾರನ ಓದೇ ಪಾಠವಾಗುತ್ತಿತ್ತು, ಪಾಠವೇ ಟೀಕಾಗ್ರಂಥವಾಗಿ ಓಲೆಗೆ ಇಳಿಯುತ್ತಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಗಂಟೆ ಬಾರಿಸುವ ಶಾಲೆ ಬಂದಿತು. ಮದರಾಸು ಆಧಿಪತ್ಯದಲ್ಲಿ ಹುಡುಗರ ಪರೀಕ್ಷಾಫಲವನ್ನು ನೋಡಿ ಶಾಲೆಗೆ ಹಣ ಕೊಡುವ ಪದ್ಧತಿಯೂ ನಡೆದುದರಿಂದ, ಇನ್‌ಸ್ಪೆಕ್ಟರರ ಸವಾರಿ ಬರುವ ತಿಂಗಳೆಂದರೆ ಮೇಷ್ಟರಿಗೆ ಗ್ರಹಣವೇ ಸರಿ. ಆದರೆ ಈ ಗ್ರಹಣಕ್ಕೆ ಅನಧ್ಯಾಯವಿರಲಿಲ್ಲ.

ಆ ಆಧಿಪತ್ಯಕ್ಕೇ ಸೇರಿದ್ದ ದಕ್ಷಿಣ ಕನ್ನಡದಲ್ಲಿ, 1870ರಲ್ಲಿ, ಕಾರ್ಕಳದ ಬಳಿಯ ನಂದಳಿಕೆಯಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪನು ಉಡುಪಿಯಲ್ಲಿ ವ್ಯಾಯಾಮದ ಉಪಾಧ್ಯಾಯನಾದನು. ಕೆಲಕಾಲ ಕುಂದಾಪುರದಲ್ಲಿ ಕನ್ನಡವನ್ನೂ ಕಲಿಸಿದನು. ಹಗಲೆಲ್ಲ ಹುಡುಗರ ಸಾಲನ್ನು ನೇರ ಮಾಡಿ, ಕೈಕಾಲುಗಳ ಚಲನೆಗೆ ಲೆಕ್ಕ ಹೇಳುತ್ತಿದ್ದ ಈ ಬಡವನು ಹಳಗನ್ನಡ ಕಾವ್ಯಗಳನ್ನು ಎಷ್ಟು ಆಳವಾಗಿ ಓದಿಕೊಂಡಿದ್ದನೆಂದರೆ, ಆ ಭಾಷೆಯಲ್ಲಿಯೇ ತಾನು ರಚಿಸಿದ ‘ಅದ್ಭುತ ರಾಮಾಯಣ’, ‘ಶ್ರೀರಾಮಪಟ್ಟಾಭಿಷೇಕ’, ‘ಶ್ರೀರಾಮಾಶ್ವಮೇಧ’ಗಳನ್ನು ಹಿಂದಿನವರ ಕೃತಿಗಳೆಂಬ ಸೋಗಿನಲ್ಲಿ ಮೈಸೂರಿನ ಪತ್ರಿಕೆಗಳಿಗೆ ಕಳುಹಿದಾಗ ಬಲ್ಲವರೂ ಅವನ್ನು ಹಾಗೆಯೇ ಸ್ವೀಕರಿಸಿ ಪ್ರಕಟಿಸಿದರು. ಹೆಸರನ್ನೇಕೆ ಮರೆಸಿದನೆಂಬುದಕ್ಕೆ ವಿನಯವೆಂದು ಉತ್ತರ ಕೊಡುವವರುಂಟು. ನನಗೆ ಅಷ್ಟರಿಂದ ಸಮಾಧಾನವಿಲ್ಲ; ಕವಾಯತಿನ ಮೇಷ್ಟರ ಕಾವ್ಯವನ್ನು ಓದುವ ಮೊದಲೇ ಪಂಡಿತಮಂಡಲಿಯು ಪಕ್ಕಕ್ಕಿಡುತ್ತಿತ್ತೆಂಬ ಎಣಿಕೆಯೂ ಅವನಿಗೆ ಇದ್ದಿರಬೇಕು. ಅವನ ಕಾವ್ಯನಾಮವನ್ನೇ ಹೊತ್ತು ‘ರಾಮಾಶ್ವಮೇಧ’ದಲ್ಲಿ ಕಥೆ ಹೇಳುವ ಮುದ್ದಣನಿಗೆ ಅದನ್ನು ಕೇಳುವ ಮಡದಿ ಮನೋರಮೆಯುಂಟು, ಮಳೆಗಾಲದ ದೀರ್ಘವಾದ ಬೇಸರವುಂಟು, ಸರಸಕ್ಕೂ ಕೊಂಕುಮಾತಿಗೂ ಬೇಕಾದಷ್ಟು ಹೊತ್ತುಂಟು. ಆ ಹೊತ್ತು ಕವಿಗೆ ನಿಜವಾಗಿ ಇರಲಿಲ್ಲ. ಇಲ್ಲದುದನ್ನೇ ಅವನು ಗ್ರಂಥದೊಳಗೆ ಧಾರಾಳವಾಗಿ ಸೃಜಿಸಿಕೊಂಡನು. 1901ರಲ್ಲಿ ಕ್ಷಯರೋಗದಿಂದ ತೀರಿಕೊಂಡಾಗ ಅವನ ವಯಸ್ಸು ಮೂವತ್ತೊಂದು. ಮುದ್ದಣನು ಯಾರೆಂಬುದು ಲೋಕಕ್ಕೆ ಸ್ಪಷ್ಟವಾದುದು ಆಮೇಲೆ.

ಅದೇ ಜಿಲ್ಲೆಯ ಪಂಜೆ ಮಂಗೇಶರಾಯರು ಉಪಾಧ್ಯಾಯರೂ ಆಗಿ, ಹುಡುಗರೂ ಮೇಷ್ಟರೂ ಸಮಾನವಾಗಿ ಅಂಜುತ್ತಿದ್ದ ಇನ್‌ಸ್ಪೆಕ್ಟರರೂ ಆಗಿ, ಎರಡರ ನಡುವೆ ಮಕ್ಕಳ ಪದ್ಯಗಳನ್ನು ಬರೆದರು. ಅವರ ರಚನೆ ಪಾಠದ ಹೊತ್ತನ್ನು ಕಸಿಯಲಿಲ್ಲ, ತಾನೇ ಪಾಠವಾಯಿತು. ಈ ಭಾಗ್ಯ ಎಲ್ಲರದಲ್ಲ.

ಮೈಸೂರು ಸೀಮೆಯಲ್ಲಿ 1916ರಲ್ಲಿ ವಿಶ್ವವಿದ್ಯಾನಿಲಯ ಸ್ಥಾಪಿತವಾದ ಬಳಿಕ ಈ ಸೆಣಸಾಟ ಕಾಲೇಜಿನ ಮೆಟ್ಟಿಲೇರಿತು. ಇಂಗ್ಲಿಷನ್ನು ಬೋಧಿಸುತ್ತಿದ್ದ ಬಿ. ಎಂ. ಶ್ರೀಕಂಠಯ್ಯನವರು ಆ ಬೋಧನೆಯ ಸಾಮಗ್ರಿಯಿಂದಲೇ ‘ಇಂಗ್ಲಿಷ್ ಗೀತಗಳು’ ಎಂಬ ಸಂಕಲನವನ್ನು ಕನ್ನಡಕ್ಕಿತ್ತರು. ಎ. ಆರ್. ಕೃಷ್ಣಶಾಸ್ತ್ರಿಗಳು ತರಗತಿಯ ಕೆಲಸದ ಮೇಲೆ ‘ಪ್ರಬುದ್ಧ ಕರ್ಣಾಟಕ’ದ ಸಂಪಾದಕತ್ವವನ್ನು ಹೊತ್ತರು. ಅವರ ‘ವಚನಭಾರತ’ ಹೊರಬಂದುದು 1950ರಲ್ಲಿ, ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಬಂಗಾಳಿ ಕಾದಂಬರಿಕಾರ ಬಂಕಿಮಚಂದ್ರ’ ಅದಕ್ಕೂ ಈಚೆಗೆ. ‘ವಚನಭಾರತ’ದ ವೇಳೆಗೇ ಅವರು ಅರುವತ್ತನ್ನು ಮುಟ್ಟಿದ್ದರು. ಕನ್ನಡದ ಮೊದಲ ಪ್ರಾಧ್ಯಾಪಕರಾದ ಟಿ. ಎಸ್. ವೆಂಕಣ್ಣಯ್ಯನವರ ಲೆಕ್ಕ ಬೇರೆ: ಓದಿದ್ದು ಅಪಾರ, ಕಲಿಸಿದ್ದು ಅಪಾರ, ಬರೆದದ್ದು ಸ್ವಲ್ಪ. ತಮ್ಮ ಬರೆವಣಿಗೆಗೆ ಸಲ್ಲಬೇಕಾದ ಹೊತ್ತನ್ನು ಅವರು ಶಿಷ್ಯರ ಹಸ್ತಪ್ರತಿಗಳಿಗೆ ಸಲ್ಲಿಸಿದರು. ಇದನ್ನು ನಷ್ಟವೆಂದು ಬರೆಯಲು ನನಗೆ ಧೈರ್ಯವಿಲ್ಲ, ಲಾಭವೆಂದು ಸುಲಭವಾಗಿ ಒಪ್ಪಿಬಿಡಲೂ ಮನಸ್ಸಿಲ್ಲ. ಅವರು 1939ರಲ್ಲಿ ಕಾಲವಶರಾದರು. ಅವರ ಶಿಷ್ಯ ಕುವೆಂಪು ತಾವೂ ಅಧ್ಯಾಪಕರಾಗಿದ್ದುಕೊಂಡೇ ವರ್ಷಗಟ್ಟಲೆ ರಚಿಸಿದ ‘ಶ್ರೀ ರಾಮಾಯಣ ದರ್ಶನಂ’ 1949ರಲ್ಲಿ ಅಚ್ಚಾದಾಗ, ಅದರ ಅರ್ಪಣೆಯು ಗತಿಸಿದ ಆ ಗುರುವನ್ನೇ ಸಂಬೋಧಿಸಿ, ಕಾವ್ಯವನ್ನು ಮುಗಿಸಿ ತಂದಿರುವೆನೆಂದು ಒಪ್ಪಿಸುತ್ತದೆ.